ಬಾಲಮ್ಮ ಬಾಜನನ್ನು ಹಿಂಬಾಲಿಸುತ್ತಾಳೆ

ಶಿವಾಜಿನಗರದ ಆ ಮನೆಯಲ್ಲಿ ಮಗ ತಾಯಿಯ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಸಿಟ್ಟಿಗೆ ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಐದನೆಯ ದಿನ ಬಿರಿಯಾನಿಯ ವಾಸನೆಗೆ ಕರಗುವ ಮಾತುಬಿಡುವಿಕೆ ಅದಲ್ಲ. ಒಂದು ಅಕ್ಷರವಿಲ್ಲ. ಅಡುಗೆಮನೆಗೂ ಅವನ ಕೋಣೆಗೂ ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ಅದರ ಮೇಲೆ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ನೀರು, ಎರಡು ಸಲ ತಟ್ಟಿದರೆ ಚಹಾ, ಮೂರು ಸಲ ತಟ್ಟಿದರೆ ಊಟ. ಅಂಗೈಯಿಂದ ಬಡಿದರೆ ಬಂದು ತಟ್ಟೆ ತೆಗೆದುಕೊಂಡು ಹೋಗು ಎಂದು ಅರ್ಥ. ಹೋಟೆಲಿನ ಮಾಣಿಯನ್ನಾದರೂ ಜನ ಬಾಯಿಬಿಟ್ಟು ಕರೆಯುತ್ತಾರೆ. ತಾಯಿ ಉಮ್ಮೆ ಕುಲ್ಸುಂಗೆ ಅಷ್ಟೂ ಇರಲಿಲ್ಲ.

ತಟ್ಟಿದ ತಕ್ಷಣ ಆಕೆ ಎದ್ದು ಹೋಗುತ್ತಿದ್ದಳು. ನೆರೆಯವರು ಅದನ್ನು ಕಂಡು "ಎಂಥಾ ತಾಯಿ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ನೆರೆಯವರಿಗೇನು, ಕಣ್ಣೊರೆಸಿಕೊಳ್ಳುವುದಕ್ಕೆ ಕಾಸು ಕೊಡಬೇಕೆ? ಅವರಿಗೆ ಗೊತ್ತಿಲ್ಲದ್ದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮ್ಮ ಕಣ್ಣೀರನ್ನು ಎಲ್ಲಿ ಸುರಿಯಬೇಕೋ ಅಲ್ಲಿ ಸುರಿದುಕೊಳ್ಳಿ.

ಮಗ ಓವೈಸ್‌ಗೆ ಮೊದಲಿನಿಂದಲೂ ದಪ್ಪ ಗಾಜಿನ ಕನ್ನಡಕ. ಹತ್ತನೆಯ ತರಗತಿಯಲ್ಲಿದ್ದಾಗ ಕ್ರಿಕೆಟ್ ಚೆಂಡು ಬಡಿದು ಎಡಗಣ್ಣು ಹೋಯಿತು. ಉಳಿದ ಬಲಗಣ್ಣಿನಲ್ಲಿ ಓದಿದ, ಸ್ಕೂಟರ್ ಓಡಿಸಿದ, ಅಪ್ಪನ ಹಳೇ ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ಕೂತ. ಅಕ್ಕ ತೂಬಾಳ ಮದುವೆ ಗೊತ್ತಾಗಿ, ಮನೆ ತುಂಬ ನೆಂಟರು ಸೇರಿದ್ದ ಒಂದು ಬೆಳಿಗ್ಗೆ, ಆ ಬಲಗಣ್ಣಿನ ಕೆಳಗಿನಿಂದ ಏನೋ ಕಪ್ಪು ಮೇಲೇರಿ ಬರುತ್ತಿರುವುದು ಅವನಿಗೆ ಕಂಡಿತು. ಗಾಬರಿಯಿಂದ ಅಡುಗೆಮನೆಗೆ ಬಂದು ತಾಯಿಯೊಬ್ಬಳಿಗೇ ಹೇಳಿದ. ಅವರ ಮನೆಯ ಮಾತು ದಖ್ನಿ ಉರ್ದು. ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

"ಅಮ್ಮೀ, ಕಣ್ಣಿಗೆ ಪರದೆ ಎಳೆದ ಹಾಗೆ ಆಗ್ತಿದೆ. ಅರ್ಧ ಕಾಣ್ತಾನೇ ಇಲ್ಲ."

ಕುಲ್ಸುಂ ಬಾಗಿಲ ಕಡೆ ನೋಡಿ, ಅವನ ಕೈ ಹಿಡಿದು ಒಳಗೆ ಎಳೆದುಕೊಂಡಳು. "ಮೆಲ್ಲಗೆ ಮಾತಾಡು. ಶುಕ್ರವಾರ ನಿಕಾಹ್. ಹುಡುಗನ ಮನೆಯೋರು ಮೊದ್ಲೇ ನಿಮ್ಮ ಮನೇಲಿ ಎಲ್ರಿಗೂ ಕಣ್ಣಿನ ತೊಂದ್ರೆ ಇದ್ಯಾ ಅಂತ ಎರಡು ಸಲ ಕೇಳಿದ್ದಾರೆ. ವಲೀಮಾ ಊಟ ಮುಗೀಲಿ ಬೇಟಾ, ಸೋಮವಾರ ನಾನೇ ಕರ್ಕೊಂಡ್ ಹೋಗ್ತೀನಿ. ಅಲ್ಲಿವರೆಗೂ ಯಾರಿಗೂ ಹೇಳ್ಬೇಡ. ಅಬ್ಬಾಗೂ ಬೇಡ. ನನ್ನಾಣೆ."

ಅವನು ಹೇಳಲಿಲ್ಲ. ಆ ಕಪ್ಪನ್ನು ಕಣ್ಣೊಳಗೆ ಇಟ್ಟುಕೊಂಡೇ ಶಾಮಿಯಾನ ಕಟ್ಟಿಸಿದ, ನೆಂಟರಿಗೆ ಶರಬತ್ತು ಹಂಚಿದ, ಫೋಟೋಗಳಲ್ಲಿ ನಕ್ಕ. ಸೋಮವಾರ ಬರುವಷ್ಟರಲ್ಲಿ ಪರದೆ ಪೂರ್ತಿ ಮೇಲೇರಿತ್ತು. ಕಣ್ಣಾಸ್ಪತ್ರೆಗೆ ಹೊಸ ಅಳಿಯನೇ ತನ್ನ ಕಾರಿನಲ್ಲಿ ಕರೆದುಕೊಂಡು ಹೋದ. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಇಷ್ಟು ದಿನ ಏನ್ ಮಾಡ್ತಿದ್ರಿ? ಮೊದಲ್ನೇ ದಿನವೇ ಬಂದಿದ್ರೆ ಕಣ್ಣು ಉಳೀತಿತ್ತು" ಎಂದು ರೇಗಿದರು. ಒಂದು ಕಡೆ ಗಂಡ ಕಲೀಮುಲ್ಲಾ, ಇನ್ನೊಂದು ಕಡೆ ಮೂರು ದಿನದ ಅಳಿಯ. ಕುಲ್ಸುಂ ಸೆರಗು ಬಾಯಿಗಿಟ್ಟುಕೊಂಡು, "ಹುಡುಗ ಇವತ್ತು ಬೆಳಿಗ್ಗೆ ತನಕ ಹೇಳ್ಲೇ ಇಲ್ಲ ಡಾಕ್ಟ್ರೇ, ಮುಚ್ಚಿಟ್ಬಿಟ್ಟ" ಎಂದಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಕುಲ್ಸುಂ ಹೇಳಿದ್ದು ಒಂದೇ ಸುಳ್ಳು, ಅದೂ ಮದುವೆಯಾದ ಮೇಲೆ. ಆದರೆ ಯಾರ ಮೇಲೆ ಹೇಳಿದಳೋ ಅವನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. ಕಣ್ಣು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ಅವನು ಡಾಕ್ಟರಿಗೆ ಏನೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಆಪರೇಷನ್ ಆಯಿತು, ಕಣ್ಣು ಬರಲಿಲ್ಲ. ಆ ದಿನದಿಂದ ತಾಯಿಯ ಜೊತೆ ಮಾತು ನಿಂತಿತು. ಅವಳು ಹೇಳಿದ ಸುಳ್ಳನ್ನು ಅವಳ ಬಾಯಿಯಿಂದಲೇ ವಾಪಸು ತೆಗೆಸಬೇಕು ಎಂಬುದು ಅವನ ಹಟ. ಅವನ ಬಾಯಿಂದ ಇನ್ನೊಂದು ಸಲ "ಅಮ್ಮೀ" ಎಂದು ಕೇಳಬೇಕು ಎಂಬುದು ಅವಳ ಆಸೆ. ಸುಳ್ಳನ್ನು ವಾಪಸು ತೆಗೆದುಕೊಂಡರೆ ತನ್ನ ಮದುವೆಗಾಗಿ ತಮ್ಮನ ಕಣ್ಣು ಹೋಯಿತೆಂದು ತೂಬಾಳಿಗೆ ಗೊತ್ತಾಗುತ್ತದೆ. ಹೀಗಾಗಿ ಹಟ ಹಟವಾಗಿಯೇ ಉಳಿಯಿತು, ಆಸೆ ಆಸೆಯಾಗಿಯೇ ಉಳಿಯಿತು, ಗೋಡೆ ತಟ್ಟುವುದು ನಡೆದೇ ಇತ್ತು.

ಓವೈಸ್ ಮನಬಿಚ್ಚಿ ಮಾತಾಡುತ್ತಿದ್ದದ್ದು ಒಂದು ಆಟದಲ್ಲಿ ಮಾತ್ರ. ಆ ಆಟದ ಹೆಸರು 'ಏಳುಗೋಡೆ'. ಕಮ್ಮನಹಳ್ಳಿಯ ಯಾರೋ ಹುಡುಗರು ಹವ್ಯಾಸಕ್ಕೆಂದು ಮಾಡಿಟ್ಟದ್ದು. ಅದರಲ್ಲಿ ಚಿತ್ರ ಎನ್ನುವುದೇ ಇಲ್ಲ, ಬರೀ ಕನ್ನಡ ಅಕ್ಷರ. "ನೀನು ಕೋಟೆಯ ಹೆಬ್ಬಾಗಿಲ ಮುಂದೆ ನಿಂತಿದ್ದೀಯ. ಉತ್ತರಕ್ಕೆ ಮೆಟ್ಟಿಲು. ಪೂರ್ವಕ್ಕೆ ಒಬ್ಬ ಕಾವಲುಗಾರ" ಎಂದು ಬರುತ್ತದೆ. ನೀವು 'ಉ' ಒತ್ತಿ ಎಂಟರ್ ಒತ್ತಿದರೆ ಮೆಟ್ಟಿಲು ಹತ್ತುತ್ತೀರಿ. 'ಹೊಡಿ ಕಾವಲುಗಾರ' ಎಂದರೆ ಹೊಡೆಯುತ್ತೀರಿ, 'ಕೂಗು' ಎಂದು ಬರೆದು ಏನಾದರೂ ಬರೆದರೆ ಕೋಟೆಯಲ್ಲಿರುವ ಎಲ್ಲರಿಗೂ ಕೇಳಿಸುತ್ತದೆ, 'ಪಿಸು' ಎಂದು ಬರೆದು ಒಬ್ಬರ ಹೆಸರು ಬರೆದರೆ ಅವರೊಬ್ಬರಿಗೇ. ಸತ್ತರೆ ಸತ್ತಿರಿ. ಆ ಹೆಸರು ಅಲ್ಲಿಗೆ ಮುಗಿಯಿತು, ಎರಡನೇ ಜನ್ಮವಿಲ್ಲ.

ಪರದೆಯ ಮೇಲೆ ಬಂದದ್ದನ್ನು ಓದಿ ಹೇಳುವ ದನಿಯೊಂದು ಓವೈಸ್‌ನ ಕಂಪ್ಯೂಟರಿನಲ್ಲಿತ್ತು. ಅದರ ವೇಗವನ್ನು ಅವನು ಎಷ್ಟು ಏರಿಸಿದ್ದನೆಂದರೆ, ಬೇರೆಯವರಿಗೆ ಅದು ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳಿಸುತ್ತಿತ್ತು. ಕಣ್ಣಿದ್ದವರು ಮೊದಲ ಸಾಲು ಓದುವಷ್ಟರಲ್ಲಿ ಅವನು ನಾಲ್ಕು ಸಾಲು ಕೇಳಿ, ಬೆರಳಿನಡಿಯ ಕೀಲಿ ಒತ್ತಿ, ಎದುರಿಗಿದ್ದವನನ್ನು ಕೆಡವಿ ಮುಂದೆ ಹೋಗಿರುತ್ತಿದ್ದ. ಕೀಬೋರ್ಡಿನ ಮೇಲಿನ ಸಾಲಿನ ಎಫ್ ಒಂದರಿಂದ ಹನ್ನೆರಡರ ತನಕ ಪ್ರತಿಯೊಂದಕ್ಕೂ ಆಜ್ಞೆಗಳ ಒಂದೊಂದು ಸರಮಾಲೆ ಕಟ್ಟಿದ್ದ: ಒಂದನ್ನು ಒತ್ತಿದರೆ ಕತ್ತಿ ಹಿರಿದು ಹೊಡೆದು ಲೂಟಿ ಮಾಡಿ ಹಿಂದೆ ಸರಿಯುವುದು, ಇನ್ನೊಂದನ್ನು ಒತ್ತಿದರೆ ಗಾಳಿಯಲ್ಲಿ ತೇಲುವ ಮಂತ್ರ. ಆಟದಲ್ಲಿ ಅವನ ಹೆಸರು ಬಾಜ್, ಅಂದರೆ ಗಿಡುಗ. ಬಾಜ್ ಕುರುಡ ಎಂಬುದು ಅಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಅವನ ಗುಂಪಿಗೆ ಸೇರಲು ಜನ ಸಾಲುಗಟ್ಟುತ್ತಿದ್ದರು, ಅವನು ಅವರನ್ನು ನಾಯಿಗಿಂತ ಕಡೆಯಾಗಿ ನೋಡುತ್ತಿದ್ದ. ಬೆರಳು ತಡವಾದವನನ್ನು ಮೃಗಗಳ ಮುಂದೆ ಬಿಟ್ಟು ಬಾಗಿಲು ಹಾಕಿಕೊಳ್ಳುವುದು ಅವನಿಗೆ ಮೋಜು. ಪೂರ್ತಿ ಪದ ಟೈಪ್ ಮಾಡುವವರನ್ನು ಕಂಡರಂತೂ ಮೈಯುರಿ.

ಅವನ ಕಂಪ್ಯೂಟರ್ ಕೆಟ್ಟರೆ ರಿಪೇರಿಗೆ ಬರುತ್ತಿದ್ದವನು ಸಿ.ವಿ. ರಾಮನ್ ನಗರದ ಸೂರ್ಯ. ಲ್ಯಾಪ್‌ಟಾಪ್ ರಿಪೇರಿಯ ಸಣ್ಣ ಅಂಗಡಿಯವನು, ಅವನೂ ಆ ಆಟದ ಹುಚ್ಚ. ಒಂದು ಭಾನುವಾರ ಅವರಿಬ್ಬರೂ ಆಡುತ್ತಿದ್ದಾಗ ಅಡುಗೆಮನೆಯಲ್ಲಿದ್ದ ಕುಲ್ಸುಂಗೆ ಮಗ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಆಕೆ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಸೂರ್ಯ ಹೊರಡುವಾಗ ಮೆಟ್ಟಿಲ ಬಳಿ ಅಡ್ಡಗಟ್ಟಿದಳು.

"ಅವನು ಅದ್ರಲ್ಲಿ ಯಾರ್ ಜೊತೆ ಮಾತಾಡ್ತಾನೆ?"

"ಎಲ್ರ ಜೊತೆನೂ ಆಂಟಿ. ಬೈಯೋದೇ ಜಾಸ್ತಿ."

"ನನಗೂ ಹೇಳ್ಕೊಡು."

ಸೂರ್ಯ ನಕ್ಕ. "ನಿಮಗ್ಯಾಕೆ ಆಂಟಿ ಇದೆಲ್ಲ? ಕಮಾಂಡ್ ಟೈಪ್ ಮಾಡ್ಬೇಕು, ಸ್ಪೀಡಾಗಿ."

"ಹೊಸಕೋಟೆ ಸರ್ಕಾರಿ ಸ್ಕೂಲಲ್ಲಿ ಏಳನೇ ಕ್ಲಾಸ್ ತನಕ ಕನ್ನಡ ಓದಿದ್ದೀನಿ ನಾನು. ನನ್ನನ್ನೂ ಬೈಲಿ ಬಿಡು," ಎಂದಳು ಕುಲ್ಸುಂ.

ಹುಡುಗ ಕರಗಿದ. ತೂಬಾ ಬಿಟ್ಟು ಹೋಗಿದ್ದ ಹಳೇ ಲ್ಯಾಪ್‌ಟಾಪನ್ನು ಸರಿಮಾಡಿ, ಕೀಲಿಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿಕೊಟ್ಟ. ಓವೈಸ್ ಸ್ನಾನಕ್ಕೆ ಹೋದಾಗ, ಮಹಡಿಯ ಮೇಲೆ ಗಾಳಿಗೆ ಕೂತಾಗ ಬಂದು ಒಂದೊಂದೇ ಕಲಿಸಿದ. ಪದದ ಮೊದಲೆರಡು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ಬರುತ್ತದೆ. ಮೇಲ್ಮುಖದ ಬಾಣ ಒತ್ತಿದರೆ ಹಿಂದೆ ಬರೆದದ್ದೇ ಮತ್ತೆ ಬರುತ್ತದೆ. ಎಫ್ ಒಂದು ಹೊಡಿ, ಎಫ್ ಎರಡು ಓಡು, ಎಫ್ ಮೂರು ಮದ್ದು ಕುಡಿ. ಯಾರ ಹಿಂದಾದರೂ ಹೋಗಬೇಕಾದರೆ 'ಹಿಂಬಾಲಿಸು' ಎಂದು ಅವರ ಹೆಸರು ಬರೆದರೆ ಸಾಕು, ಅವರು ಹೋದಲ್ಲೆಲ್ಲ ನೀವು ಏನೂ ಒತ್ತದೆಯೇ ಹೋಗುತ್ತೀರಿ.

"ಅದು ಮಾತ್ರ ಹುಷಾರು ಆಂಟಿ," ಎಂದ ಸೂರ್ಯ. "ಅವ್ರು ಬಾವಿಗೆ ಹಾರಿದ್ರೆ ನೀವೂ ಹಾರ್ತೀರ. ಹೆಸ್ರು ಏನಿಡ್ಲಿ?"

ಕುಲ್ಸುಂ ಯೋಚಿಸಿ, ಹಲಸೂರಿನ ಮಾರ್ಕೆಟ್ಟಿನಲ್ಲಿ ತನಗೆ ಸೊಪ್ಪು ಕೊಡುವವಳ ಹೆಸರು ಹೇಳಿದಳು. ಹೀಗೆ ಬಾಲಮ್ಮ ಹುಟ್ಟಿದಳು.

ಬಾಲಮ್ಮನ ಮೊದಲ ದಿನವೇ ಮರ್ಯಾದೆ ಮೂರು ಕಾಸಿಗೆ ಹೋಯಿತು. 'ಕೂಗು ಎಲ್ಲರಿಗೂ ನಮಸ್ಕಾರ' ಎಂದು ಬಹಳ ಹೊತ್ತು ಹಿಡಿದು ಬರೆದಳು. ಯಾರೂ ಉತ್ತರ ಕೊಡಲಿಲ್ಲ. ಹೋಗಿದೆಯೋ ಇಲ್ಲವೋ ಎಂದು ಮೇಲ್ಬಾಣ ಒತ್ತಿ ಎಂಟರ್ ಒತ್ತಿದಳು. ಮತ್ತೆ ಒತ್ತಿದಳು. ಕೋಟೆಯಲ್ಲಿದ್ದವರ ಕಿವಿಯಲ್ಲೆಲ್ಲ ನಮಸ್ಕಾರದ ಮಳೆ. ಆಗ ಪರದೆಯ ಮೇಲೆ ಬಂತು: "ಬಾಜ್ ಕೂಗುತ್ತಾನೆ: ಯಾವಳೇ ಅದು ಬಾಲಮ್ಮ? ಇದೇನು ಗುಡಿ ಬಾಗಿಲಾ? ಕೈ ತೆಗಿ ಕೀಬೋರ್ಡಿಂದ, ಗೂಬೆ."

ಹೆತ್ತವರಿಗೆ ಹೆಗ್ಗಣ ಮುದ್ದು. ಕುಲ್ಸುಂ ಆ ಸಾಲನ್ನು ಮತ್ತೆ ಮತ್ತೆ ಓದಿ, ಕಣ್ಣು ತುಂಬಿಕೊಂಡು, ಪರದೆಯನ್ನು ಸೆರಗಿನಿಂದ ಒರೆಸಿದಳು. ಮಗ ಮಾತಾಡಿದ್ದ. ಗೂಬೆ ಅಂದರೇನಂತೆ, ಗೋಡೆ ತಟ್ಟುವುದಕ್ಕಿಂತ ಅದೇ ಎಷ್ಟೋ ವಾಸಿ.

ಅಂದಿನಿಂದ ಹೊಸ ಸಂಸಾರವೇ ಶುರುವಾಯಿತು. ಕಲೀಮುಲ್ಲಾ ಅಂಗಡಿಗೆ ಹೋದ ಮೇಲೆ ಒಲೆಯ ಪಕ್ಕದ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಲ್ಸುಂ ಕೋಟೆಗೆ ಹೋಗುವಳು. ಒಂದೇ ತೋರುಬೆರಳು. ಅಕ್ಷರ ಹುಡುಕುವುದು, ಒತ್ತುವುದು, ತಪ್ಪಿದರೆ ಅಳಿಸುವುದು, ಕೊನೆಗೆ ಎಂಟರ್ ಕೀಲಿಯನ್ನು ಮೊಳೆ ಹೊಡೆದಂತೆ ಬಡಿಯುವುದು. ಬಾಜ್ ಬೈದಷ್ಟೂ ಬಾಲಮ್ಮ ಹತ್ತಿರ ಹೋದಳು. "ಗುಂಪಿಗೆ ಸೇರಿಸಿಕೊಳ್ಳಿ ಸ್ವಾಮಿ, ಸಾಮಾನು ಹೊರುತ್ತೇನೆ" ಎಂದು ಬರೆದಳು. ಅವನಿಗೆ ಹೊರೆಯಾಳು ಬೇಕಿತ್ತು, ಸೇರಿಸಿಕೊಂಡ. ಮೃಗ ಬಂದರೆ ಮುಂದೆ ತಳ್ಳಿದ, ಅವಳು ಕಡಿಸಿಕೊಂಡಳು. ಸಿಕ್ಕ ಮದ್ದನ್ನೆಲ್ಲ ಕಿತ್ತುಕೊಂಡ, ಅವಳು ಕೊಟ್ಟಳು. ಅವನು ಹೆಜ್ಜೆಯಿಟ್ಟಾಗಲೆಲ್ಲ ಪರದೆಯ ಮೇಲೆ ಒಂದು ಸಾಲು ಬರುತ್ತಿತ್ತು: "ಬಾಲಮ್ಮ ಬಾಜನನ್ನು ಹಿಂಬಾಲಿಸುತ್ತಾಳೆ." ಅದನ್ನು ಓದುವುದೇ ಅವಳಿಗೆ ಹಬ್ಬ.

ಆದರೆ ಒಂದು ವಿಷಯ ಅವಳಿಗೆ ತಿಳಿದಿರಲಿಲ್ಲ. ಓವೈಸ್ ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದದ್ದು ಒಂದೇ ಕಿವಿಗೆ. ಇನ್ನೊಂದನ್ನು ಮನೆಗೆ ಬಿಟ್ಟಿದ್ದ, ಕಣ್ಣಿಲ್ಲದವನಿಗೆ ಅದು ಬೇಕು. ಒಂದು ಮಧ್ಯಾಹ್ನ ಆ ಖಾಲಿ ಕಿವಿಗೆ ಅಡುಗೆಮನೆಯಿಂದ ಟಕ್, ಟಕ್, ಆಮೇಲೆ ದಢಕ್ಕನೆ ಒಂದು ಬಡಿತ ಕೇಳಿಸಿತು. ಮರುಕ್ಷಣವೇ ಇಯರ್‌ಫೋನಿನ ಕಿವಿಯಲ್ಲಿ, "ಬಾಲಮ್ಮ ಪಿಸುಗುಟ್ಟುತ್ತಾಳೆ: ಊಟ ಆಯಿತೇ ಸ್ವಾಮಿ?"

ಅವನ ಬೆರಳು ಕೀಲಿಯ ಮೇಲೇ ನಿಂತಿತು. ಪರೀಕ್ಷೆ ಮಾಡೋಣ ಎಂದು ಬಾಲಮ್ಮನನ್ನು ಒಂದು ತೋಳದ ಮುಂದೆ ನಿಲ್ಲಿಸಿ, ಪ್ಲೈವುಡ್ಡಿನ ಮೇಲೆ ಎರಡು ಸಲ ತಟ್ಟಿದ. ಅಡುಗೆಮನೆಯ ಟಕ್ ಟಕ್ ನಿಂತಿತು. ಒಲೆ ಹೊತ್ತಿದ ಸದ್ದು. ಆಟದಲ್ಲಿ ತೋಳ ಬಾಲಮ್ಮನ ಕಾಲು ಕಚ್ಚುತ್ತಿತ್ತು, ತೋಳು ಕಚ್ಚುತ್ತಿತ್ತು, ಬಾಲಮ್ಮ ಕಲ್ಲಿನಂತೆ ನಿಂತಿದ್ದಳು. ಚಹಾ ಬಂತು. ಲೋಟ ಇಟ್ಟವಳ ಅವಸರ ತಟ್ಟೆಯ ಸದ್ದಿನಿಂದಲೇ ಅವನಿಗೆ ಗೊತ್ತಾಯಿತು. ಅವಳು ಓಡಿ ಹೋಗಿ ಎಫ್ ಎರಡು ಒತ್ತಿದ್ದೂ ಕೇಳಿಸಿತು. ಸಾಯಲು ಕೂದಲೆಳೆಯಷ್ಟೇ ಬಾಕಿಯಿದ್ದ ಬಾಲಮ್ಮ ಕುಂಟುತ್ತ ಓಡಿದಳು.

ಬೇರೆ ಮಗನಾಗಿದ್ದರೆ ಅಂದೇ ಎದ್ದು ಹೋಗಿ ತಾಯಿಯನ್ನು ತಬ್ಬಿಕೊಳ್ಳುತ್ತಿದ್ದ, ಇಲ್ಲವೇ ಕೂಗಾಡಿ ಲ್ಯಾಪ್‌ಟಾಪ್ ಒಡೆಯುತ್ತಿದ್ದ. ಓವೈಸ್ ಎರಡನ್ನೂ ಮಾಡಲಿಲ್ಲ. ಅವನಿಗೆ ಖುಷಿಯಾಗಿತ್ತು. ಆ ಖುಷಿಯಲ್ಲಿ ಪ್ರೀತಿಯ ಪಾಲು ಎಷ್ಟು, ವಿಷದ ಪಾಲು ಎಷ್ಟು ಎಂದು ಅವನನ್ನೇ ಕೇಳಿದರೂ ಹೇಳುತ್ತಿರಲಿಲ್ಲ. ಮಾರನೆಯ ದಿನದಿಂದ ಬಾಲಮ್ಮನ ಮೇಲೆ ಹುಲಿ ಹಾರಿದ ಕ್ಷಣಕ್ಕೆ ಸರಿಯಾಗಿ ಅವನಿಗೆ ಬಾಯಾರಿಕೆ. ಹೆಬ್ಬಾವು ಸುತ್ತಿಕೊಂಡ ಹೊತ್ತಿಗೆ ಸರಿಯಾಗಿ ಹಸಿವು. ಕುಲ್ಸುಂ ಒಂದು ಕೈಯಲ್ಲಿ ಮದ್ದಿನ ಕೀಲಿ ಒತ್ತಿ, ಇನ್ನೊಂದು ಕೈಯಲ್ಲಿ ಅನ್ನ ಬಡಿಸಿಕೊಂಡು ಓಡುತ್ತಿದ್ದಳು. ಒಂದು ದಿನ ಕುದಿಯುವ ಚಹಾ ಕೈಮೇಲೆ ಚೆಲ್ಲಿಕೊಂಡು ಅಯ್ಯೋ ಎಂದಳು. ಪ್ಲೈವುಡ್ಡಿನ ಆಚೆಗಿದ್ದವನು ಅದನ್ನು ಕೇಳಿ ಇನ್ನೊಂದು ಸಲ ತಟ್ಟಿದ.

ಆಟದಲ್ಲಿ ಮಾತ್ರ ಅವನ ದನಿ ಮೆತ್ತಗಾಯಿತು. ಬೈಗುಳ ನಿಂತಿತು. "ಇವತ್ತೇನು ಅಡುಗೆ ಬಾಲಮ್ಮ?" ಎಂದು ಪಿಸುಗುಟ್ಟುತ್ತಿದ್ದ. ಮನೆ ತುಂಬ ಖೀಮಾದ ವಾಸನೆ ತುಂಬಿರುವಾಗ ಬಾಲಮ್ಮ, "ಬಸಳೆ ಸೊಪ್ಪಿನ ಸಾರು ಸ್ವಾಮಿ" ಎಂದು ಬರೆಯುವಳು. ಅವನು ಆಚೆ ಕಡೆ ಬಾಯಿ ಮುಚ್ಚಿಕೊಂಡು ನಗುವನು. ಮಗ ತನ್ನನ್ನು ಪ್ರೀತಿಯಿಂದ ಮಾತಾಡಿಸುತ್ತಿದ್ದಾನೆ, ಇನ್ನು ಸ್ವಲ್ಪ ದಿನಕ್ಕೆ ಗುಟ್ಟು ಹೇಳಿಬಿಡಬಹುದು ಎಂದು ಕುಲ್ಸುಂ ಲೆಕ್ಕ ಹಾಕಿದಳು. ಸೂರ್ಯನಿಗೂ ಹಾಗೇ ಹೇಳಿದಳು. ಹುಚ್ಚಿ.

ಅಷ್ಟರಲ್ಲಿ ತೂಬಾ ಬಾಣಂತನಕ್ಕೆ ತವರಿಗೆ ಬಂದಳು. ಚೊಚ್ಚಲು, ತುಂಬಿದ ಬಸುರಿ, ಅಡುಗೆಮನೆಯ ಚಾಪೆಯ ಮೇಲೆ ಕಾಲು ಚಾಚಿ ಕೂತುಬಿಟ್ಟರೆ ಏಳುವುದೇ ಕಷ್ಟ. ತಾಯಿ ಲ್ಯಾಪ್‌ಟಾಪ್ ತೆರೆದಾಗ, "ಏನಮ್ಮೀ ಇದು ಹೊಸದು?" ಎಂದು ಕೇಳಿದಳು. "ಸೂರ್ಯ ಹಾಕ್ಕೊಟ್ಟ ಗೇಮು, ಹೊತ್ತು ಹೋಗೋಕೆ," ಎಂದಳು ಕುಲ್ಸುಂ. ತೂಬಾಗೆ ಓದಿನ ಮೇಲೆ ಎಂದೂ ಆಸಕ್ತಿಯಿರಲಿಲ್ಲ, ಬರೀ ಅಕ್ಷರ ತುಂಬಿದ ಪರದೆಯನ್ನು ಒಮ್ಮೆ ನೋಡಿ ಮೂಗು ಮುರಿದು ಅವರೆಕಾಯಿ ಸುಲಿಯತೊಡಗಿದಳು. ಅವಳ ಬಳೆಗಳು ಸದ್ದು ಮಾಡುತ್ತಿದ್ದವು. ಪ್ಲೈವುಡ್ಡಿನ ಆಚೆಗಿನ ಕಿವಿಗೆ ಆ ಬಳೆಗಳ ಸದ್ದೂ ಕೇಳಿಸಿತು. ಅವನು ಆ ದಿನವನ್ನೇ ಆರಿಸಿಕೊಂಡ.

ಬಾಜ್ ಗುಂಪನ್ನೆಲ್ಲ ಹಿಂದೆ ಕಳಿಸಿ, ಬಾಲಮ್ಮನೊಬ್ಬಳನ್ನೇ ಕರೆದುಕೊಂಡು ಆರನೆಯ ಗೋಡೆ ದಾಟಿದ. ಒಂದು ಕಲ್ಲುಮಂಟಪದಲ್ಲಿ ನಿಂತ. ಪರದೆಯ ಮೇಲೆ ಅವನ ಪಿಸುಮಾತು ಒಂದರ ಹಿಂದೆ ಒಂದು ಬಂತು.

"ಬಾಲಮ್ಮ, ನಿನಗೊಂದು ವಿಷಯ ಹೇಳುತ್ತೇನೆ. ಇಲ್ಲಿ ಯಾರಿಗೂ ಹೇಳಿಲ್ಲ. ನನಗೆ ಕಣ್ಣಿಲ್ಲ."

ಕುಲ್ಸುಂ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಯಾರಿಗೂ ಹೇಳದ್ದನ್ನು ತನಗೆ ಹೇಳಿದ! "ಅಯ್ಯೋ ದೇವರೇ" ಎಂದು ಬರೆದಳು, ನಿಧಾನವಾಗಿ.

"ಕಣ್ಣು ಹೋಗುವಾಗ ಒಬ್ಬಳಿಗೆ ಮಾತ್ರ ಹೇಳಿದ್ದೆ. ಅವಳು ಯಾರಿಗೂ ಹೇಳಬೇಡ ಎಂದಳು. ನಾನು ಹೇಳಲಿಲ್ಲ. ಆಮೇಲೆ ಎಲ್ಲರೆದುರು ಅವಳೇ, ಇವನು ಹೇಳಲೇ ಇಲ್ಲ ಎಂದಳು. ಯಾಕೆ ಹಾಗಂದಿರಬಹುದು? ನೀನೂ ಹೆಂಗಸು, ಹೇಳು."

ಇದು ಅವನು ಕೊಟ್ಟ ಅವಕಾಶ. ಕ್ರೂರಿಯೇ ಇರಬಹುದು, ಆದರೆ ಅವಕಾಶ ಕೊಟ್ಟದ್ದು ನಿಜ. ಮುಖವಾಡ ಹಾಕಿಕೊಂಡಿದ್ದಳು, ಪಕ್ಕದಲ್ಲಿದ್ದ ಮಗಳು ಅವರೆಕಾಯಿಯಲ್ಲಿ ಮುಳುಗಿದ್ದಳು, ಬಾಲಮ್ಮನ ಬಾಯಲ್ಲಿ "ಅವಳದೇ ತಪ್ಪು" ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು. ಆದರೆ ಮುಖವಾಡ ಸಿಕ್ಕಿದರೆ ಮನುಷ್ಯ ನಿಜ ಹೇಳುತ್ತಾನೆ ಎಂದುಕೊಂಡವರು ದಡ್ಡರು. ಅವನು ತನ್ನ ವಕಾಲತ್ತನ್ನು ತಾನೇ ವಹಿಸಿಕೊಳ್ಳುತ್ತಾನೆ. ಕುಲ್ಸುಂ ಬೆರಳು ಬಾಗಿಸಿ ಕೂತು, ಹುಡುಕಿ ಹುಡುಕಿ ಒತ್ತಿ, ಎಂಟರ್ ಬಡಿದಳು.

"ಚಿಕ್ಕವನು ನೀನು. ಸರಿಯಾಗಿ ಹೇಳಿರಲಿಕ್ಕಿಲ್ಲ. ಮದುವೆ ಮನೆ ಗಲಾಟೆ. ಪಾಪ ಅವಳಿಗೆ ಕೇಳಿಸಿರಲಿಕ್ಕಿಲ್ಲ."

ಆ ಕಡೆಯಿಂದ ಉತ್ತರ ಬಂತು. "ಮದುವೆ ಮನೆ ಅಂತ ನಾನು ಹೇಳಲೇ ಇಲ್ಲವಲ್ಲ ಬಾಲಮ್ಮ."

ಕುಲ್ಸುಂ ಪ್ಲೈವುಡ್ಡಿನ ಕಡೆ ನೋಡಿದಳು, ಪರದೆಯ ಕಡೆ ನೋಡಿದಳು. ಆ ಮಾತಿಗೆ ಏನು ಬರೆಯಬೇಕೋ ತಿಳಿಯುವ ಮೊದಲೇ ಸಾಲುಗಳು ಸರಿಯತೊಡಗಿದವು.

"ಬಾಜ್ ಪೂರ್ವಕ್ಕೆ ಹೋಗುತ್ತಾನೆ. ಬಾಲಮ್ಮ ಬಾಜನನ್ನು ಹಿಂಬಾಲಿಸುತ್ತಾಳೆ."

"ಬಾಜ್ ಕೆಳಗೆ ಇಳಿಯುತ್ತಾನೆ. ಬಾಲಮ್ಮ ಬಾಜನನ್ನು ಹಿಂಬಾಲಿಸುತ್ತಾಳೆ."

"ನೀನು ತಳವಿಲ್ಲದ ಬಾವಿಯ ಅಂಚಿನಲ್ಲಿ ನಿಂತಿದ್ದೀಯ. ಇಲ್ಲಿ ತೇಲಬಲ್ಲವರು ಮಾತ್ರ ಬದುಕುತ್ತಾರೆ."

ಬಾಜ್ ಪಿಸುಗುಟ್ಟಿದ. "ಕೊನೆಯ ಸಲ ಕೇಳುತ್ತೇನೆ. ಅವಳಿಗೆ ಹೇಳಿದ್ದೆನೋ, ಇಲ್ಲವೋ?"

ಆಗ ಕುಲ್ಸುಂಗೆ ಎಲ್ಲವೂ ಅರ್ಥವಾಯಿತು. ತೋಳ ಬಂದಾಗಲೆಲ್ಲ ಚಹಾ ಯಾಕೆ ಬೇಕಾಗುತ್ತಿತ್ತು, ಇವತ್ತೇನು ಅಡುಗೆ ಎಂದು ಅವನು ಯಾಕೆ ಅಷ್ಟು ವಿಚಾರಿಸುತ್ತಿದ್ದ ಎಂಬುದೆಲ್ಲ. ಅವಳಿಗೆ ನಾಚಿಕೆಯಾಯಿತು, ದುಃಖವಾಯಿತು, ಆದರೆ ಅದೆಲ್ಲಕ್ಕಿಂತ ಹೆಚ್ಚಾಗಿ ಮೈ ಹಗುರಾಯಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ತೂಬಾ ಈ ಕಡೆ ನೋಡುತ್ತಿರಲಿಲ್ಲ. ಬರೆದುಬಿಟ್ಟರೆ ಅವನಿಗೊಬ್ಬನಿಗೇ ಗೊತ್ತಾಗುತ್ತದೆ, ಸದ್ದಿಲ್ಲದೆ ಮುಗಿಯುತ್ತದೆ. ಕುಲ್ಸುಂ ಬರೆಯಲು ಶುರುಮಾಡಿದಳು. "ಹೇಳಿದ್ದೆ ಬೇಟಾ ನೀನು. ನಾನೇ ಬೇಡ ಅಂದೆ. ತಪ್ಪು ನನ್ನದು." ಮನಸ್ಸಿನಲ್ಲಿ ಅದು ಒಂದೇ ಉಸಿರು. ಬೆರಳಿಗೆ ಮಾತ್ರ ಅದೇ ಬಸವನಹುಳುವಿನ ನಡಿಗೆ. ಸೂರ್ಯ ಕಟ್ಟಿಕೊಟ್ಟ ಕೀಲಿಗಳಲ್ಲಿ ಹೊಡೆಯುವುದಿತ್ತು, ಓಡುವುದಿತ್ತು, ಮದ್ದು ಕುಡಿಯುವುದಿತ್ತು. ಇದಕ್ಕೆ ಕೀಲಿ ಇರಲಿಲ್ಲ. 'ಹೇ' ಬರೆದು ಟ್ಯಾಬ್ ಒತ್ತಿದಳು, ಬೇರೇನೋ ಪದ ಬಂತು. ಅಳಿಸಿದಳು. ಮತ್ತೆ ಬರೆದಳು. 'ಬೇಟಾ' ಎನ್ನುವಲ್ಲಿ ಎರಡು ಕೀಲಿ ಒಟ್ಟಿಗೆ ಬಿದ್ದವು, ಅದನ್ನೂ ಅಳಿಸಿದಳು.

ಗೋಡೆಯಾಚೆ ಓವೈಸ್ ಆ ಟಕ್ ಟಕ್ ಕೇಳುತ್ತ ಕೂತಿದ್ದ. ಶುರುವಾಗುತ್ತಿತ್ತು, ನಿಲ್ಲುತ್ತಿತ್ತು, ಅಳಿಸುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನಿಜ ಹೇಳುವುದಕ್ಕೆ ಒಂದು ಪದ ಸಾಕು, ಸುಳ್ಳು ಕಟ್ಟುವುದಕ್ಕೇ ಇಷ್ಟು ಹೊತ್ತು ಬೇಕು ಎಂದುಕೊಂಡ. ಇನ್ನೊಂದು ನೆಪ ಕೇಳುವ ತಾಳ್ಮೆ ಅವನಿಗಿರಲಿಲ್ಲ. ನಿಧಾನದ ಬೆರಳುಗಳಿಗಾಗಿ ಅವನು ಯಾ‌ವತ್ತೂ ಕಾದವನಲ್ಲ. ಎಫ್ ಹನ್ನೊಂದು ಒತ್ತಿದ.

"ಬಾಜ್ ಗಾಳಿಯಲ್ಲಿ ತೇಲುತ್ತಾನೆ. ಬಾಜ್ ಬಾವಿಗೆ ಇಳಿಯುತ್ತಾನೆ. ಬಾಲಮ್ಮ ಬಾಜನನ್ನು ಹಿಂಬಾಲಿಸುತ್ತಾಳೆ. ಬಾಲಮ್ಮ ಸತ್ತಳು."

ಕುಲ್ಸುಂ ಅದನ್ನು ನೋಡಲಿಲ್ಲ. ಅವಳ ಕಣ್ಣು ಕೀಲಿಗಳ ಮೇಲಿತ್ತು. 'ತಪ್ಪು ನನ್ನದು' ಎಂದು ಮುಗಿಸಿ, ಉಸಿರು ಬಿಟ್ಟು, ಎಂಟರ್ ಬಡಿದು ತಲೆಯೆತ್ತಿದಳು. ಪರದೆಯ ಮೇಲೆ ಒಂದೇ ಸಾಲಿತ್ತು: "ಸತ್ತವರು ಮಾತಾಡುವಂತಿಲ್ಲ." ಅವಳು ಇನ್ನೊಮ್ಮೆ ಒತ್ತಿದಳು. ಅದೇ ಬಂತು. ಮೇಲ್ಬಾಣ ಒತ್ತಿ ಎಂಟರ್ ಒತ್ತಿದಳು. ಅದೇ ಬಂತು.

ಆಗ ಪ್ಲೈವುಡ್ಡಿನ ಆಚೆಯಿಂದ ದನಿ ಬಂತು. ಮೂರು ವರ್ಷದಲ್ಲಿ ಇನ್ನಷ್ಟು ಗಡುಸಾಗಿತ್ತು, ಆದರೂ ಅವನದೇ.

"ಅಮ್ಮೀ."

ಕುಲ್ಸುಂ ಗೋಡೆಗೆ ಕೈಯಿಟ್ಟಳು. ಅವಳು ಏನು ಕೇಳಲು ಇಷ್ಟು ದಿನ ಬದುಕಿದ್ದಳೋ ಅದನ್ನು ಕೇಳಿದ್ದಳು. ತೂಬಾ ಅವರೆಕಾಯಿ ಕೆಳಗಿಟ್ಟು ಬಾಯಿ ತೆರೆದು ನೋಡಿದಳು.

"ಅಮ್ಮೀ, ಆಪಾ ಅಲ್ಲೇ ಇದ್ದಾಳಲ್ಲ, ಅವಳ ಮುಂದೆ ಹೇಳಿ," ಎಂದ ಓವೈಸ್. "ನಾನು ನಿಮಗೆ ಹೇಳಿದ್ನಾ, ಇಲ್ವಾ?"

ತೂಬಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು, ಏದುಸಿರು ಬಿಡುತ್ತಿದ್ದಳು. ಕುಲ್ಸುಂಗೆ ಕಂಡದ್ದು ಆ ಹೊಟ್ಟೆ. ತನ್ನ ನಿಕಾಹ್‌ಗಾಗಿ ತಮ್ಮನ ಕಣ್ಣನ್ನು ಕೊಟ್ಟರು ಎಂಬ ಮಾತನ್ನು ಈ ಹುಡುಗಿ ಹೊತ್ತು ಹೆರಬೇಕೆ? ಪರದೆಯ ಮೇಲೆ ಬರೆದದ್ದನ್ನು ಬಾಯಿಯಿಂದ ಹೇಳಲು ಒಂದು ಕ್ಷಣ ಸಾಕಿತ್ತು. ಬೆರಳು ಬೇಕಿರಲಿಲ್ಲ, ಕೀಲಿ ಬೇಕಿರಲಿಲ್ಲ. ಅವಳ ನಾಲಿಗೆ ಚೆನ್ನಾಗಿಯೇ ಓಡುತ್ತಿತ್ತು.

"ಇಲ್ಲ ಬೇಟಾ," ಎಂದಳು. "ನೀನು ಹೇಳಿರ್ಲಿಲ್ಲ."

ಆಚೆ ಕುರ್ಚಿ ಸರಿದ ಸದ್ದಾಯಿತು.

ತೂಬಾಗೆ ಮಾತ್ರ ಸಂತೋಷ ತಡೆಯಲಾಗಲಿಲ್ಲ. ಗೋಡೆ ಹಿಡಿದು ಕಷ್ಟಪಟ್ಟು ಎದ್ದು ಬಂದು ತಾಯಿಯ ಕೊರಳು ತಬ್ಬಿಕೊಂಡಳು. "ಅಮ್ಮೀ, ಮಾತಾಡ್ದ! ಓವೈಸ್ ನಿಮ್ ಜೊತೆ ಮಾತಾಡ್ದ! ಏನದು ಅವನು ಕೇಳಿದ್ದು?"

"ಏನಿಲ್ಲ," ಎಂದಳು ಉಮ್ಮೆ ಕುಲ್ಸುಂ, ಲ್ಯಾಪ್‌ಟಾಪ್ ಮುಚ್ಚುತ್ತ. "ಗೇಮಿನ ಮಾತು."